ದಿಂಬಿನ ಕೆಳಗಿನ ಮಚ್ಚು

ಇದು ತಿಪಟೂರು ಕಡೆಯ ಒಂದು ತೋಟದ ಮನೆಯ ವಿಷಯ. ಆ ಮನೆಯವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ. ಮನೆಯ ಯಜಮಾನರನ್ನು ನಾನು ಅಣ್ಣ ಅಂತ ಕರೆಯುತ್ತಿದ್ದೆ. ಇಲ್ಲೂ ಹಾಗೇ ಇರಲಿ.

ತುಮಕೂರಿನಲ್ಲಿ ನಾನು ಆಪ್ತಸಮಾಲೋಚನೆ ಮಾಡುವ ಕೋಣೆಗೆ ಮೊದಲು ಬಂದವರು ಅವರ ಹೆಂಡತಿ ಮತ್ತು ಮಗ. ಅಣ್ಣ ಹೊರಗೆ ಬೆಂಚಿನ ಮೇಲೆ ಕೂತಿದ್ದರು. "ಒಳಗೆ ಬನ್ನಿ ಅಂದ್ರೆ ನನಗೇನು ಹುಚ್ಚಾ ಅಂತಾರೆ ಮೇಡಂ" ಅಂದರು ಆ ಅಕ್ಕ. ಮಗ ಏನೂ ಹೇಳಲಿಲ್ಲ. ಮೊಬೈಲ್ ತೆಗೆದು ಒಂದು ಫೋಟೋ ತೋರಿಸಿದ. ಹಳೇ ಬಾಗಿಲ ಚೌಕಟ್ಟು. ಮರದೊಳಗೆ ಒಂದು ಬೆರಳಿನಷ್ಟು ಇಳಿದ ಮಚ್ಚಿನ ಏಟು. "ಇದು ನನ್ನ ಕಿವಿ ಮಟ್ಟಕ್ಕಿದೆ" ಅಂದ.

ಬೆಂಗಳೂರಲ್ಲಿ ಕೆಲಸ ಮಾಡುವ ಹುಡುಗ. ಒಂದು ಶನಿವಾರ ಕೊನೆ ಬಸ್ಸಿಗೆ ಇಳಿದು, ತೋಟದ ದಾರಿಯಲ್ಲಿ ನಡೆದು, ಮಲಗಿರೋರನ್ನು ಯಾಕೆ ಎಬ್ಬಿಸೋದು ಅಂತ ಹಿತ್ತಿಲ ಬಾಗಿಲಿಗೆ ಬಂದಿದ್ದ. ಚಿಲಕ ಅಲ್ಲಾಡಿದ್ದಷ್ಟೇ ಗೊತ್ತು. ಬಾಗಿಲು ತೆರೆಯಿತು, ಮಚ್ಚು ಬೀಸಿತು.

ಸ್ವಲ್ಪ ಹೊತ್ತಿಗೆ ಅಣ್ಣ ತಾವೇ ಎದ್ದು ಒಳಗೆ ಬಂದರು.

ನಾಲ್ಕು ತಿಂಗಳ ಹಿಂದೆ ಪಕ್ಕದ ಊರಿನ ತೋಟದ ಮನೆಯೊಂದಕ್ಕೆ ಕಳ್ಳರು ನುಗ್ಗಿ, ಅಲ್ಲಿದ್ದ ವಯಸ್ಸಾದ ಗಂಡ ಹೆಂಡತಿಯನ್ನು ಕಟ್ಟಿಹಾಕಿದ್ದರು. ಅಂದಿನಿಂದ ಅಣ್ಣನ ದಿಂಬಿನ ಕೆಳಗೆ ಮಚ್ಚು. ರಾತ್ರಿ ತೆಂಗಿನ ಗರಿ ದೊಪ್ಪಂತ ಬಿದ್ದರೆ ಎದ್ದು ಕೂರುತ್ತಾರೆ. ಅಟ್ಟದಲ್ಲಿ ಇಲಿ ಓಡಾಡಿ ಕಾಯಿ ಸರಿದರೆ ಮತ್ತೆ ಏಳುತ್ತಾರೆ. ಚಿಲಕ ಎಷ್ಟು ಸಲ ನೋಡ್ತೀರಿ ಅಂದಾಗ ಅವರು ಸುಮ್ಮನಿದ್ದರು. "ಎಂಟು ಸಲ, ಹತ್ತು ಸಲ" ಅಂತ ಅಕ್ಕ ಹೇಳಿದರು. ತಂತಿ ಬೇಲಿಗೆ ಕರೆಂಟ್ ಕೊಡೋಣ ಅಂತ ವೈರ್ ಕೂಡ ತಂದಿಟ್ಟಿದ್ದರು.

ಅವರ ಭಯವನ್ನು ನಾನು ಸುಳ್ಳು ಅನ್ನಲಿಲ್ಲ. ತಿಪಟೂರು ಸೀಮೆ ಗೊತ್ತಿದ್ದವರಿಗೆ ಇದು ಅರ್ಥವಾಗುತ್ತೆ. ಬಲಿತ ಕಾಯಿಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಟ್ಟರೆ ನೀರು ಇಂಗಿ, ಚಿಪ್ಪು ಬಿಟ್ಟು ಉಂಡೆ ಕೊಬ್ಬರಿ ಆಗುತ್ತೆ. ಒಂದು ವರ್ಷದ ದುಡಿಮೆ ತಲೆಯ ಮೇಲೇ ಇರುತ್ತೆ. ಅದರ ಕೆಳಗೆ ಮಲಗುವವನಿಗೆ ಹೆದರಬೇಡ ಅಂದರೆ ಅದು ಬರೀ ಮಾತು.

ಆದ್ದರಿಂದ ಬೇರೆ ಪ್ರಶ್ನೆ ಕೇಳಿದೆ. "ಅಣ್ಣ, ಅಟ್ಟಕ್ಕೆ ಹಾಕಿದ ಕಾಯಿನ ದಿನಾ ಇಳಿಸಿ ನೋಡ್ತೀರಾ?"

"ಯಾಕೆ ನೋಡ್ಲಿ? ಹಾಕೋವಾಗ ಸರಿಯಾಗಿ ಹಾಕಿದ್ರೆ ಆಯ್ತು."

"ಚಿಲಕಾನೂ ಹಾಗೇ ಅಲ್ವಾ?"

ಅವರು ನಕ್ಕರು. ಅಂದು ಮೊದಲ ಸಲ ನಕ್ಕಿದ್ದು. ಮುಂದಿನ ಐದು ಭೇಟಿಯಲ್ಲೂ ನಾನು ಈ ಒಂದೇ ಮಾತಿನ ಸುತ್ತ ಸುತ್ತಿದೆ. ತಯಾರಿ ಅನ್ನೋದು ಬೆಳಕಿರುವಾಗ ಮಾಡಿ ಮುಗಿಸುವ ಕೆಲಸ. ಮುಗಿಸದೆ ಬಿಟ್ಟರೆ ಅದೇ ರಾತ್ರಿ ತಲೆಯೊಳಗೆ ಕೂತು ಕಾವಲು ಕಾಯುತ್ತೆ. ನಿದ್ದೆಗೆಟ್ಟವನ ಕೈ, ಕಣ್ಣಿಗಿಂತ ಮುಂಚೆ ಓಡುತ್ತೆ. ಆ ಚೌಕಟ್ಟೇ ಸಾಕ್ಷಿ.

ಮಚ್ಚು ಕೊಟ್ಟಿಗೆಗೆ ಹೋಗಬೇಕು ಅಂತ ಮೊದಲ ದಿನವೇ ಹೇಳಿದೆ. ಅವರು ಒಪ್ಪಲಿಲ್ಲ. "ರಾತ್ರಿ ಕಳ್ಳನ್ನ ಕಡಿದ್ರೆ ಕೇಸಿಲ್ಲ ಅಂತಾರೆ" ಅಂದರು. ಈ ಮಾತು ಹಳ್ಳಿಗಳಲ್ಲಿ ಜಾಸ್ತಿ ಓಡಾಡುತ್ತೆ. ಹಾಗಾಗಿ ಇಲ್ಲಿ ಸ್ವಲ್ಪ ನಿಂತು ಹೇಳುತ್ತೇನೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 34ರಿಂದ 44ರವರೆಗಿನ ಕಲಂಗಳು ಆತ್ಮರಕ್ಷಣೆಯ ಹಕ್ಕಿಗೆ ಸೇರಿದವು. ಪ್ರಾಣಕ್ಕೆ ಕುತ್ತು ಬಂದಾಗ ಕಾನೂನು ನಿಮ್ಮ ಜೊತೆ ನಿಲ್ಲುತ್ತೆ. ಆದರೆ ತಡೆಯಲು ಬೇಕಾದಷ್ಟಕ್ಕಿಂತ ಹೆಚ್ಚು ಹಾನಿ ಮಾಡುವ ಹಕ್ಕಿಲ್ಲ. ಪೊಲೀಸರನ್ನು ಕರೆಯಲು ಸಮಯ ಇದ್ದರೆ ಆ ದಾರಿ ಹಿಡಿಯಬೇಕು. ಎರಡು ಕಾಯಿ ಕದ್ದು ಓಡುವವನ ಬೆನ್ನಿಗೆ ಮಚ್ಚು ಬೀಸಿದರೆ ಅದು ರಕ್ಷಣೆ ಅಲ್ಲ. ಬೇಲಿಗೆ ನೇರ ಕರೆಂಟ್ ಕೊಡೋದಂತೂ ಕಾನೂನಿಗೆ ವಿರುದ್ಧ. ಅದಕ್ಕೆ ಕಳ್ಳ ಯಾರು, ಬೆಳಗ್ಗೆ ಹಾಲು ಕರೆಯಲು ಎದ್ದ ಹೆಂಡತಿ ಯಾರು ಅಂತ ಗೊತ್ತಾಗಲ್ಲ. ವೈರ್ ವಾಪಸ್ ಅಂಗಡಿಗೆ ಹೋಯಿತು.

ಮಚ್ಚಿನ ಜಾಗಕ್ಕೆ ಒಂದು ಟಾರ್ಚು, ಒಂದು ಸೀಟಿ ಬಂದವು. ಸದ್ದು ಕೇಳಿದರೆ ಮೊದಲು ಲೈಟು, ಆಮೇಲೆ "ಯಾರದು?" ಅಂತ ಗಟ್ಟಿಯಾಗಿ ಕೂಗು. ಬಾಗಿಲು ತೆರೆಯೋದು ಬೇಡ. ಕರೆಂಟ್ ಹೋದರೂ ಉರಿಯಲಿ ಅಂತ ಅಂಗಳಕ್ಕೆ ಒಂದು ಸೋಲಾರ್ ದೀಪ. ನಿಜವಾಗಿ ಯಾರಾದರೂ ನುಗ್ಗಿದರೆ ಎಲ್ಲರೂ ನಡುಮನೆ ಪಕ್ಕದ ಕೋಣೆಗೆ ಸೇರಿ ಅಗಳಿ ಹಾಕಿ, 112ಕ್ಕೆ ಫೋನ್ ಮಾಡಬೇಕು.

"ಮತ್ತೆ ಕೊಬ್ಬರಿ?" ಅಂದರು ಅಣ್ಣ.

ನಾನು ಉತ್ತರ ಕೊಡಲಿಲ್ಲ. ಅಕ್ಕನ ಕಡೆ ನೋಡಿದೆ. "ಹೋಗ್ಲಿ ಬಿಡಿ. ಮರ ಮುಂದಿನ ವರ್ಷವೂ ಬಿಡುತ್ತೆ" ಅಂದರು. ಅಣ್ಣ ತುಂಬಾ ಹೊತ್ತು ನೆಲ ನೋಡುತ್ತಾ ಕೂತರು. ಆ ಮರಗಳನ್ನು ಅವರ ಅಪ್ಪ ನೆಟ್ಟಿದ್ದಂತೆ.

112ಕ್ಕೆ ಮಾತಾಡೋದನ್ನು ಕೋಣೆಯಲ್ಲೇ ಅಭ್ಯಾಸ ಮಾಡಿದೆವು. ತೋಟದ ಮನೆಗೆ ಡೋರ್ ನಂಬರ್ ಇರಲ್ಲ. ಗಾಬರಿಯಲ್ಲಿ "ನಮ್ಮನೆ, ನಮ್ಮನೆ" ಅಂದರೆ ಯಾರಿಗೆ ಗೊತ್ತಾಗಬೇಕು? ಊರು, ಹೋಬಳಿ, ಟಾರ್ ರಸ್ತೆಯಿಂದ ಯಾವ ತಿರುವು, ತಿರುವಲ್ಲಿ ಏನಿದೆ. ಇಷ್ಟನ್ನು ಅಕ್ಕ ಕ್ಯಾಲೆಂಡರ್ ಹಿಂದೆ ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ನೇತುಹಾಕಿದರು. ಬೀಟ್ ಪೊಲೀಸರ ನಂಬರೂ ಅಲ್ಲೇ ಇದೆ. ಕೊಬ್ಬರಿ ಮಾರಿದ ದಿನ ದುಡ್ಡು ನೇರ ಬ್ಯಾಂಕಿಗೆ. ಇಂಥ ದಿನ ಕೊಬ್ಬರಿ ಸುಲೀತೀವಿ ಅಂತ ಹೋಟೆಲಲ್ಲಿ ಕೂತು ಹೇಳೋದು ಬೇಡ.

ಇದೆಲ್ಲ ಸುಲಭಕ್ಕೆ ಆಯಿತು. ಕಷ್ಟ ಆದದ್ದು ಪಕ್ಕದ ತೋಟದವರ ವಿಷಯ.

ಪೊಲೀಸ್ ಗಾಡಿ ಬರೋ ತನಕ ಕೂಗಿದರೆ ಯಾರಿಗೆ ಕೇಳುತ್ತೆ ಅಂತ ಕೇಳಿದೆ. ಕೇಳೋದು ಒಂದೇ ಮನೆಗೆ. ಅವರ ಜೊತೆ ಆರು ವರ್ಷದಿಂದ ಮಾತಿಲ್ಲ. ಬದುವಿನ ಜಗಳ. ಮಚ್ಚು ಬಿಡಲು ಎರಡು ವಾರ ಸಾಕಾಯಿತು, ಈ ಮಾತಿಗೆ ಎರಡು ತಿಂಗಳು ಬೇಕಾಯಿತು. "ಅವನ ಮುಂದೆ ಹೋಗಿ ನಿಂತ್ಕೊಳ್ಳೋದಾ?" ಅಂತ ಎದ್ದೇ ಹೋಗಿದ್ದರು ಒಂದು ದಿನ. ನಾನು ಒತ್ತಾಯ ಮಾಡಲಿಲ್ಲ, ಆದರೆ ಬಿಡಲೂ ಇಲ್ಲ. ನನ್ನ ಅನುಭವದಲ್ಲಿ ಒಂಟಿ ಮನೆಗೆ ನೆರೆಯವರಿಗಿಂತ ಗಟ್ಟಿ ಕಾವಲಿಲ್ಲ. ಬೀಗ, ಕ್ಯಾಮೆರಾ ಎಲ್ಲ ಆಮೇಲೆ. ಕೊನೆಗೆ ಯುಗಾದಿಗೆ ಅಕ್ಕ ಹೋಳಿಗೆ ತಗೊಂಡು ಹೋದರು. ಆ ಮನೆಯವರಿಗೂ ಇದೇ ಭಯ ಇತ್ತಂತೆ, ಅವರ ದಿಂಬಿನ ಕೆಳಗೆ ಕುಡುಗೋಲು ಇತ್ತಂತೆ. ಬದುವಿನ ಜಗಳ ಇನ್ನೂ ಹಾಗೇ ಇದೆ. ಆದರೆ ಸೀಟಿ ಕೇಳಿದರೆ ಎರಡೂ ಮನೆ ಲೈಟು ಹಾಕಬೇಕು ಅಂತ ಮಾತಾಯಿತು.

ದೀಪ ಹಚ್ಚುವ ಹೊತ್ತಿಗೆ ಮನೆ ಸುತ್ತ ಒಂದೇ ಸುತ್ತು. ಅಣ್ಣ ಚಿಲಕ ಹಾಕುತ್ತಾರೆ, ಅಕ್ಕ "ಹಾಕಾಯ್ತು" ಅಂತ ಬಾಯಿಬಿಟ್ಟು ಹೇಳುತ್ತಾರೆ. ಆಮೇಲೆ ಮತ್ತೆ ಮುಟ್ಟುವಂತಿಲ್ಲ. ಮೊದಲ ವಾರ ಕೈ ನಡುಗಿತು ಅಂದರು. ಇಷ್ಟಾದರೂ ನಿದ್ದೆ ಪೂರ್ತಿ ಬರಲಿಲ್ಲ. ಆಗ ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಹತ್ತಿರ ಕಳಿಸಿದೆ. ಇಂಥ ಘಟನೆ ಆದ ಮೇಲೆ ಕೆಲವು ದಿನ ಬೆಚ್ಚೋದು ಸಹಜ. ತಿಂಗಳು ದಾಟಿದರೆ ವೈದ್ಯರಿಗೆ ತೋರಿಸಲೇಬೇಕು. ಹೋಗಲು ಸಂಕೋಚ ಇದ್ದರೆ 14416ಕ್ಕೆ ಫೋನ್ ಮಾಡಿ. ಅದು 2022ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಮೊನ್ನೆ ಅಕ್ಕ ಫೋನ್ ಮಾಡಿದ್ದರು. ರಾತ್ರಿ ಗರಿ ಬಿದ್ದಾಗ ಅವರಿಗೆ ಎಚ್ಚರವಾಯಿತಂತೆ, ಅಣ್ಣ ಮಗ್ಗುಲು ಬದಲಿಸಿ ಮಲಗಿದರಂತೆ. ಮಗ ಈಗ ಟಾರ್ ರಸ್ತೆಯ ತಿರುವಲ್ಲೇ ನಿಂತು "ಅಪ್ಪ, ಬಂದೆ" ಅಂತ ಫೋನ್ ಮಾಡುತ್ತಾನೆ. ಶನಿವಾರ ಮಾತ್ರ ಅಣ್ಣ ಮಲಗಲ್ಲ. ಅಂಗಳದ ದೀಪದ ಕೆಳಗೆ ಜಗಲಿ ಮೇಲೆ ಕೂತು, ಅವನು ಬರೋ ದಾರಿ ನೋಡುತ್ತಾ ಇರುತ್ತಾರೆ. ಅದನ್ನು ಬಿಡಿಸಬೇಕಾ ಮೇಡಂ ಅಂತ ಅಕ್ಕ ಕೇಳಿದರು. ಬೇಡ ಅಂದೆ.