ಹಂಪಿ ರಥದ ಗೋಡೆ ಕಲಾಕೃತಿ ಮಾಡಿಸುವಾಗ ಎಲ್ಲಿ ಎಡವುತ್ತೇವೆ?

ನೀವು ಕೇಳಿದ್ದು ಇಷ್ಟು: ಪುಣೆಯಲ್ಲಿ ಹೊಸ ಫ್ಲಾಟ್. ಹಾಲ್ ಗೋಡೆಗೆ 4 ಅಡಿ ಅಗಲ, 3 ಅಡಿ ಎತ್ತರದ ಹಂಪಿ ಕಲ್ಲಿನ ರಥ, ಕೆಳಗೆ ಕನ್ನಡದಲ್ಲಿ ಮನೆ ಹೆಸರು. ರಥ ಕಬ್ಬಿಣದ್ದು, ಹಿಂದೆ ಸಾಗವಾನಿ ಹಲಗೆ. ಮಾಡಿಸುವಾಗ ಏನೇನು ನೋಡಿಕೊಳ್ಳಬೇಕು?

ನಾನು ವಿಜಯಪುರದ ಕಡೆಯವನು, ಪುಣೆ ಪಕ್ಕದ ಭೋಸರಿಯಲ್ಲಿ ಇದೇ ಕೆಲಸ. ನಾನು ಕೈ ಸುಟ್ಟುಕೊಂಡ ಜಾಗಗಳನ್ನೇ ಹೇಳುತ್ತೇನೆ.

ಮೊದಲು ಅಕ್ಷರ. ಹೊಸದರಲ್ಲಿ ಒಂದು ಲೇಸರ್ ಕಟಿಂಗ್ ಅಂಗಡಿಗೆ ಫೈಲ್ ಕಳಿಸಿದ್ದೆ. ಅವರ ಕಂಪ್ಯೂಟರಿನಲ್ಲಿ ಕನ್ನಡ ಫಾಂಟ್ ಇರಲಿಲ್ಲ. ಕೆಳಗಿರಬೇಕಾದ ಒತ್ತಕ್ಷರಗಳೆಲ್ಲ ಪಕ್ಕಕ್ಕೆ ಬಂದು ಕೂತಿದ್ದವು. ಮಷೀನ್ ನಡೆಸುವ ಹುಡುಗನಿಗೆ ಕನ್ನಡ ಬಾರದು, ಅವನ ಕಣ್ಣಿಗೆ ಎಲ್ಲ ಸರಿಯೇ! ಶೀಟ್ ದಂಡವಾಯಿತು. ಅಂದಿನಿಂದ ಕೋರೆಲ್‌ಡ್ರಾ ಎಂಬ ಡಿಸೈನ್ ಸಾಫ್ಟ್‌ವೇರಿನಲ್ಲಿ ಅಕ್ಷರಗಳನ್ನು ಕರ್ವ್ ಮಾಡಿಯೇ, ಅಂದರೆ ಫಾಂಟ್ ಬೇಡದ ಬರೀ ಗೆರೆಗಳಾಗಿ ಬದಲಿಸಿಯೇ, ಕಟಿಂಗ್ ಮಷೀನ್ ಓದುವ ಡಿಎಕ್ಸ್‌ಎಫ್ ಫೈಲ್ ಕೊಡುತ್ತೇನೆ. ಜೊತೆಗೆ ಒಂದು ಫೋಟೊ ಕಳಿಸಿ, ಇದಕ್ಕೆ ಹೋಲಿಸಿ ನೋಡು ಅನ್ನುತ್ತೇನೆ.

ಇನ್ನೊಂದು ತೊಂದರೆ ನಮ್ಮ ಲಿಪಿ ದುಂಡಗಿರುವುದರಿಂದ ಬರುವಂಥದ್ದು. ಶೀಟಿನಲ್ಲಿ ಅಕ್ಷರವನ್ನು ತೂತಾಗಿ ಕತ್ತರಿಸಿದರೆ ‘ರ’, ‘ಠ’ಗಳ ಹೊಟ್ಟೆ ನಾಣ್ಯದ ಹಾಗೆ ಕಳಚಿ ಬೀಳುತ್ತದೆ. ಅದನ್ನು ಹಿಡಿದುಕೊಳ್ಳಲು ಸಣ್ಣ ಪಟ್ಟಿ ಬಿಡಬೇಕು. ಅಕ್ಷರವನ್ನೇ ಬಿಡಿಯಾಗಿ ಕತ್ತರಿಸಿದರೆ ಉಲ್ಟಾ ಕಷ್ಟ: ಒತ್ತು, ಸೊನ್ನೆ ಬೇರೆಯಾಗಿ ಕೈಗೆ ಬರುತ್ತವೆ. ನನಗೆ ಎರಡನೆಯದೇ ಇಷ್ಟ. ಒಂದೊಂದನ್ನೂ ಹಲಗೆಗೆ ಕೂರಿಸಬಹುದು. ಸೊನ್ನೆಯನ್ನು ಹಿತ್ತಾಳೆಯಲ್ಲಿ ಮಾಡಿಸಿ, ಕುಂಕುಮದ ಬೊಟ್ಟಿನ ಹಾಗೆ ಕಾಣುತ್ತದೆ.

ರಥದ ಚಿತ್ರ 50 ರೂಪಾಯಿ ನೋಟಿನಲ್ಲೂ ಇದೆ, ಆದರೆ ಅಷ್ಟು ಗೆರೆ ಲೋಹದಲ್ಲಿ ಬೇಡ. 2 ಮಿ.ಮೀ. ಶೀಟಿನಲ್ಲಿ 4 ಮಿ.ಮೀ.ಗಿಂತ ಕಡಿಮೆ ಅಗಲದ ಉದ್ದ ಗೆರೆಗಳನ್ನು ನಾನು ಇಡುವುದಿಲ್ಲ, ಬಿಸಿಗೆ ಸೊಟ್ಟಗಾಗುತ್ತವೆ. ಲೇಸರ್‌ನವರು ದುಡ್ಡು ಎಣಿಸುವುದೂ ಕತ್ತರಿಸಿದ ಉದ್ದ, ತೂತುಗಳ ಲೆಕ್ಕದಲ್ಲೇ. ಚಕ್ರ, ಕಂಬಗಳು, ಮುಂದಿನ ಎರಡು ಆನೆ ಸಾಕು. ಕುದುರೆ ಬರೆದುಕೊಡುವ ಡಿಸೈನರ್‌ಗಳೂ ಇದ್ದಾರೆ. ಈಗ ಅಲ್ಲಿ ನಿಂತಿರುವುದು ಆನೆಗಳೇ, ಹೇಳಿ ತಿದ್ದಿಸಿ.

ಈಗ ಮರ ಮತ್ತು ಕಬ್ಬಿಣದ ಸಂಸಾರ. ಮಳೆಗಾಲದಲ್ಲಿ ಮರ ತೇವ ಹೀರಿ ಅಡ್ಡಕ್ಕೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಮರದ ಎಳೆಗಳ ಉದ್ದಕ್ಕೆ ಹೆಚ್ಚೇನೂ ಆಗದು. ಕಬ್ಬಿಣಕ್ಕೆ ಇದ್ಯಾವುದರ ಪರಿವೆಯೂ ಇಲ್ಲ. ಒಮ್ಮೆ ಎರಡನ್ನೂ ಗಟ್ಟಿ ಅಂಟಿನಿಂದ ಕೂಡಿಸಿದ್ದೆ. ಮುಂದಿನ ಮೇ ತಿಂಗಳಿಗೆ ಹಲಗೆ ಉದ್ದಕ್ಕೂ ಸೀಳಿತ್ತು. ಮನೆಯ ಅಜ್ಜಿ "ರಥ ಎಳಿಯಾಕ ಹಾದಿ ಮಾಡ್ಯಾನ" ಅಂದು ನಕ್ಕರು. ನಾನು ನಗಲಿಲ್ಲ. ಈಗ ನಡುವಿನ ಸ್ಕ್ರೂ ಒಂದೇ ಬಿಗಿ. ಉಳಿದವಕ್ಕೆಲ್ಲ ಉದ್ದನೆಯ ತೂತು, ವಾಷರ್. ಮರ ಅತ್ತಿತ್ತ ಸರಿಯಲು ಜಾಗ. ನಿಮ್ಮ ಅಳತೆಗೆ ನಾನಾದರೆ ಗಟ್ಟಿ ಹಲಗೆ ಬಿಟ್ಟು, 18 ಮಿ.ಮೀ. ಪ್ಲೈವುಡ್ಡಿಗೆ ಸಾಗವಾನಿ ವಿನೀರ್ (ಮರದ ತೆಳು ಹಾಳೆ) ಹಾಕಿ ಅಂಚಿಗಷ್ಟೇ ಅಸಲಿ ಸಾಗವಾನಿ ಕೊಡುತ್ತೇನೆ. ಇದು ಮೋಸ ಅನ್ನುವವರಿದ್ದಾರೆ. ಆದರೆ ಅದು ಅಷ್ಟಾಗಿ ಅಲುಗುವುದಿಲ್ಲ, ಅಲ್ವಾ?

ವೆಲ್ಡಿಂಗ್ ಎಲ್ಲ ಮುಗಿದ ಮೇಲೆ ಪೌಡರ್ ಕೋಟಿಂಗ್ (ಬಣ್ಣದ ಪುಡಿ ಸಿಂಪಡಿಸಿ ಒಲೆಯಲ್ಲಿ ಕಾಯಿಸುವುದು), ಅದಾದ ಮೇಲೇ ಮರ. ಆ ಒಲೆಯ ಬಿಸಿ 180–200 ಡಿಗ್ರಿ ಇರುತ್ತದೆ, ಮರ ಜೊತೆಗೆ ಹೋಗುವಂತಿಲ್ಲ. ಇದೇ ಕೆಲಸ ಗೋವಾ ಅಥವಾ ಮುಂಬೈ ಸಮುದ್ರದ ಬದಿಗಾದರೆ ಉಪ್ಪು ಗಾಳಿ. ಅಲ್ಲಿಗೆ ತುಕ್ಕು ತಡೆಯುವ ಜಿಂಕ್ ಪ್ರೈಮರ್ ಹಾಕದೆ ಕಬ್ಬಿಣ ಕೊಡಬೇಡಿ.

ಭಾರ ಲೆಕ್ಕ ಹಾಕಿ. ಈ ಅಳತೆಯ 2 ಮಿ.ಮೀ. ಶೀಟ್ ಪೂರ್ತಿಯಾಗಿ ಸುಮಾರು 17 ಕಿಲೊ. ಅರ್ಧ ಕತ್ತರಿಸಿ ಹೋದರೂ ಹಲಗೆ ಸೇರಿ 20ರ ಆಸುಪಾಸು. ಹೊಸ ಕಟ್ಟಡಗಳಲ್ಲಿ ಬಹಳಷ್ಟು ಗೋಡೆಗಳು ಎಎಸಿ ಬ್ಲಾಕಿನವು, ಅಂದರೆ ಒಳಗೆ ಗಾಳಿಗುಳ್ಳೆಗಳಿರುವ ಹಗುರ ಸಿಮೆಂಟ್ ಬ್ಲಾಕಿನವು. ಡ್ರಿಲ್ ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿದು ಬಿಳಿ ಅಥವಾ ತಿಳಿ ಬೂದು ಪುಡಿ ಬಂದರೆ ಅದೇ. ಸಾದಾ ಗಿಟ್ಟಿ (ಸ್ಕ್ರೂ ಕೂರಿಸುವ ಪ್ಲಗ್) ಅದರಲ್ಲಿ ನಿಲ್ಲುವುದಿಲ್ಲ, ಆ ಬ್ಲಾಕಿಗೆಂದೇ ಬರುವ ಫಾಸ್ಟನರ್ ತನ್ನಿ. ಕೆಂಪು ಪುಡಿ ಬಂದರೆ ಇಟ್ಟಿಗೆ, ಚಿಂತೆ ಕಡಿಮೆ. ಮಳೆಯಲ್ಲಿ ಒದ್ದೆಯಾಗುವ ಹೊರಗೋಡೆ ಮಾತ್ರ ಬೇಡ. ಗೋಡೆಗೂ ಹಲಗೆಗೂ ನಡುವೆ 20 ಮಿ.ಮೀ. ಸಂದು ಬಿಡಿ, ಗಾಳಿಯೂ ಆಡುತ್ತದೆ, ನೆರಳೂ ಚೆಂದ ಬೀಳುತ್ತದೆ.

ಮನೆ ಹೆಸರು ಏನೆಂದು ನೀವು ಬರೆದಿಲ್ಲ. ಅದರಲ್ಲಿ ಒತ್ತು, ಸೊನ್ನೆ ಎಷ್ಟಿವೆ ತಿಳಿಸಿ, ಅಕ್ಷರದ ಎತ್ತರ ಎಷ್ಟಿರಬೇಕು ಅಂತ ಹೇಳುತ್ತೇನೆ.