ಲ್ಯೂಖೋ-ಡಾನೆನ್‌ಬರ್ಗ್ ಒಂದೇ ಊರಾ?

ಲ್ಯೂಖೋ-ಡಾನೆನ್‌ಬರ್ಗ್ ಒಂದೇ ಊರಾ, ಅಲ್ಲಿ ಜನ ಯಾಕಿಷ್ಟು ಕಡಿಮೆ ಅಂತ ಕೇಳಿದ್ದೀರಿ. ಅದು ಜರ್ಮನಿಯ ಒಂದು ಜಿಲ್ಲೆ; ಹೆಸರಿನಲ್ಲಿರುವ ಲ್ಯೂಖೋ, ಡಾನೆನ್‌ಬರ್ಗ್ ಎರಡು ಬೇರೆ ಊರುಗಳು. 1885ರಿಂದ ಎರಡು ಜಿಲ್ಲೆಗಳಾಗಿದ್ದವು, 1932ರಲ್ಲಿ ಸೇರಿಸಿದರು. ಈಗ ಜಿಲ್ಲಾಕೇಂದ್ರ ಲ್ಯೂಖೋ.

ಸುಮಾರು 1,220 ಚದರ ಕಿ.ಮೀ. ಜಾಗದಲ್ಲಿ 50 ಸಾವಿರ ಜನವೂ ಇಲ್ಲ. ಜರ್ಮನಿಯ ಜಿಲ್ಲೆಗಳಲ್ಲೇ ಅತಿ ಕಡಿಮೆ! ದೊಡ್ಡ ಕಾರಣ ಗಡಿ. 1990ರವರೆಗೆ ಪಶ್ಚಿಮ ಜರ್ಮನಿಯ ಈ ಜಿಲ್ಲೆಗೆ ಮೂರು ಕಡೆಯೂ ಪೂರ್ವ ಜರ್ಮನಿ. ಎಲ್ಬೆ ನದಿ ದಾಟಿ ಸುಮ್ನೆ ಆಚೆ ಹೋಗುವ ಹಾಗಿರಲಿಲ್ಲ.

ಅಲ್ಲಿನ ದುಂಡು ಹಳ್ಳಿಗಳನ್ನು ಮಾತ್ರ ತಪ್ಪದೆ ನೋಡಿ. ನಡುವೆ ಹುಲ್ಲಿನ ಬಯಲು, ಸುತ್ತ ಮರದ ಚೌಕಟ್ಟಿನ ಮನೆಗಳು, ಎಲ್ಲದರ ಮುಖವೂ ಬಯಲಿನ ಕಡೆಗೆ. ಅಲ್ಲಿದ್ದ ಸ್ಲಾವ್ ಜನರ ಭಾಷೆ 18ನೇ ಶತಮಾನದಲ್ಲಿ ಅಳಿಯಿತು. ಊರ ಹೆಸರುಗಳಲ್ಲಿ ಇನ್ನೂ ಉಳಿದಿದೆ.