ಧಾಟಿ ಹೋಯಿತು, ಸೊಲ್ಲು ಉಳಿಯಿತು

(ಓದುಗರ ಪ್ರಶ್ನೆಗಳಿಗೆ ಬಳ್ಳಾರಿಯ ಕೌಲ್ ಬಜಾರಿನಲ್ಲಿ ನಲವತ್ತು ವರ್ಷ ಹಾರ್ಮೋನಿಯಂ ಕಲಿಸಿದ, ಈಗಲೂ ಭಾನುವಾರದ ಆರಾಧನೆಯಲ್ಲಿ ನುಡಿಸುವ ನಮ್ಮ ಅಂಕಣಕಾರ್ತಿಯ ಉತ್ತರ)

ನಮ್ಮ ಓಣಿಯ ಕ್ರೈಸ್ತ ಕುಟುಂಬದಲ್ಲಿ ಅಜ್ಜಿ ತೀರಿಕೊಂಡಾಗ ಪ್ರಾರ್ಥನೆಗೆ ಹೋಗಿದ್ದೆ. ‘ಇಪ್ಪತ್ತಮೂರನೆಯ ಕೀರ್ತನೆ’ ಎಂದು ಹೇಳಿ ಓದಿದರು. ಕೀರ್ತನೆ ಎಂದರೆ ನಮಗೆ ವಿಜಯದಾಸರು, ಜಗನ್ನಾಥದಾಸರು. ಹೆಸರಷ್ಟೇ ಒಂದೋ, ಒಳಗೂ ಹೋಲಿಕೆ ಇದೆಯೋ? ಇವಕ್ಕೆ ರಾಗ, ತಾಳ ಇದ್ದವೇ?
— ಓದುಗರೊಬ್ಬರು, ಮಾನ್ವಿ

ಜಗನ್ನಾಥದಾಸರು ಬಾಳಿದ ಊರಿನಿಂದಲೇ ಈ ಪ್ರಶ್ನೆ ಬಂದಿರುವುದು ನನಗೆ ದೊಡ್ಡ ಸಂತೋಷ. ನನ್ನ ಉತ್ತರ ಶುರುವಾಗುವುದೂ ನಿಮ್ಮ ಸೀಮೆಯವರಿಂದಲೇ. ನನಗೆ ಹಾರ್ಮೋನಿಯಂ ಕಲಿಸಿದ ಮೇಷ್ಟ್ರು ರಾಯಚೂರು ಕಡೆಯವರು, ದಾಸರ ಪದಗಳನ್ನು ಹಾಡಿಯೇ ಬೆಳೆದವರು. ನನಗಾಗ ಹದಿನಾರು ವರ್ಷ. ಒಂದು ದಿನ ಬೈಬಲು ತೆಗೆದುಕೊಂಡು ಹೋಗಿ 136ನೆಯ ಕೀರ್ತನೆಯನ್ನು ಅವರ ಮುಂದೆ ಇಟ್ಟು ದೂರು ಹೇಳಿದೆ: “ಇದನ್ನು ಓದುವುದೇ ಬೇಸರ, ಒಂದೇ ಮಾತು ಇಪ್ಪತ್ತಾರು ಸಲ ಬರುತ್ತದೆ.” ಅವರು ಕನ್ನಡಕ ಹಾಕಿಕೊಂಡು ಪುಟದ ಮೇಲೆ ಬೆರಳಾಡಿಸಿದರು. “ಇದನ್ನು ಓದು ಎಂದು ನಿನಗೆ ಯಾರು ಹೇಳಿದರಮ್ಮಾ? ಇದಕ್ಕೆ ಪಲ್ಲವಿ ಇದೆ” ಎಂದರು.

ಮರುಗಳಿಗೆಯಲ್ಲೇ ತಿದಿ ಒತ್ತಿ ಭೀಮಪಲಾಸದ ಸ್ವರ ಹಿಡಿದರು. ‘ಜ್ಞಾನದಿಂದ ಆಕಾಶವನ್ನು ಮಾಡಿದವನಿಗೆ’ ಎಂದು ಅವರು ಎತ್ತಿಕೊಂಡರೆ, ‘ಆತನ ಕೃಪೆ ಎಂದೆಂದಿಗೂ’ ಎಂದು ನಾನು ಹಿಂದೆ ಹಿಡಿಯಬೇಕು. ‘ನೀರಿನ ಮೇಲೆ ನೆಲವನ್ನು ಹರಡಿದವನಿಗೆ’, ‘ಆತನ ಕೃಪೆ ಎಂದೆಂದಿಗೂ’. ನಾಲ್ಕೈದು ಸಾಲು ಆಗುವಷ್ಟರಲ್ಲಿ ಪಕ್ಕದ ಕೋಣೆಯಲ್ಲಿ ಅಕ್ಕಿ ಆರಿಸುತ್ತಿದ್ದ ಅವರ ಮನೆಯವರೂ ಸೊಲ್ಲು ಹಿಡಿದಿದ್ದರು. ಈ ಕೀರ್ತನೆಗಳ ಮೂಲವಾದ, ಯಹೂದಿಗಳ ಹೀಬ್ರೂ ಭಾಷೆಯಲ್ಲಿ ಆ ಸೊಲ್ಲು ಮೂರೇ ಪದ: ‘ಕೀ ಲೆಓಲಾಮ್ ಹಸ್ದೋ’. ಪುಸ್ತಕ ಕೈಯಲ್ಲಿ ಇಲ್ಲದ, ಓದಲು ಬಾರದ ಜನವೂ ಸೇರಿಕೊಳ್ಳಲಿ ಎಂದೇ ಕಟ್ಟಿದ ಹಾಡು ಇದು. ಭಜನೆಯಲ್ಲಿ ಕುಳಿತು ಗೊತ್ತಿರುವ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೋಲಿಕೆ ಇನ್ನೂ ಇದೆ. ದಾಸರ ಪದಗಳ ಪುಸ್ತಕದಲ್ಲಿ ಪ್ರತಿ ಪದದ ನೆತ್ತಿಯ ಮೇಲೆ ರಾಗ, ತಾಳ ಅಚ್ಚಾಗಿರುತ್ತವೆ. ಭಜನೆಯ ಪುಸ್ತಕವಾದರೆ ‘ಇಂಥ ಹಾಡಿನ ಧಾಟಿ’ ಎಂದಿರುತ್ತದೆ. ಹೀಬ್ರೂ ಕೀರ್ತನೆಗಳ ನೆತ್ತಿಯ ಮೇಲೂ ಹಾಗೆಯೇ ಸೂಚನೆಗಳಿವೆ. ಒಟ್ಟು 150ರಲ್ಲಿ 55ಕ್ಕೆ ‘ಪ್ರಧಾನ ಗಾಯಕನಿಗೆ’ ಎಂಬ ಮಾತಿದೆ. ಕೆಲವಕ್ಕೆ ‘ತಂತಿವಾದ್ಯದೊಂದಿಗೆ’ ಎಂದಿದೆ. 22ನೆಯದರ ಮೇಲೆ ‘ಅಯ್ಯೆಲೆತ್ ಹಶ್ಶಹರ್’ ಎಂದಿದೆ, ಎಂದರೆ ‘ಮುಂಜಾವದ ಜಿಂಕೆ’. 57, 58, 59 ಮತ್ತು 75ರ ಮೇಲೆ ‘ನಾಶಮಾಡಬೇಡ’ ಎಂದಿದೆ. ಇವು ಆ ಕಾಲದ ಜನರ ಬಾಯಲ್ಲಿದ್ದ ಹಾಡುಗಳ ಹೆಸರು, ಅವುಗಳ ಧಾಟಿಯಲ್ಲಿ ಇದನ್ನು ಹಾಡಬೇಕು ಎಂಬ ಸೂಚನೆ ಎಂದು ಬಹುಪಾಲು ವಿದ್ವಾಂಸರು ತಿಳಿಯುತ್ತಾರೆ. ‘ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನ ಕೈಬಿಟ್ಟೆ’ ಎಂಬ ಸಂಕಟದ ಮಾತು ಶುರುವಾಗುವುದು ಈ 22ನೆಯ ಕೀರ್ತನೆಯಲ್ಲಿ. ಅಂಥ ಹಾಡನ್ನು ಬೆಳಗಿನ ಜಿಂಕೆಯ ಧಾಟಿಗೆ ಕೂರಿಸಿದವರ ಮನಸ್ಸಿನಲ್ಲಿ ಏನಿತ್ತೋ ಎಂದು ಎಷ್ಟೋ ರಾತ್ರಿ ಯೋಚಿಸಿದ್ದೇನೆ.

ಒಂದು ಕಡೆ ಮಾತ್ರ ದಾರಿ ಬೇರೆಯಾಗುತ್ತದೆ. ನಮ್ಮಲ್ಲಿ ಕೊನೆಯ ನುಡಿಯಲ್ಲಿ ಅಂಕಿತ ಬರುತ್ತದೆ. ‘ವಿಜಯವಿಠಲ’ ಎಂದು ಕಿವಿಗೆ ಬಿದ್ದರೆ ಯಾರ ಪದವೆಂದು ಗೊತ್ತಾಯಿತು. ಹೀಬ್ರೂ ಹಾಡಿನ ಒಳಗೆ ಅಂಕಿತವಿಲ್ಲ, ಹೆಸರು ಮೇಲಿನ ಶೀರ್ಷಿಕೆಯಲ್ಲಿದೆ. 73 ಕೀರ್ತನೆಗಳ ಮೇಲೆ ‘ಲೆದಾವೀದ್’ ಎಂದಿದೆ. ದಾವೀದ ಎಂದರೆ ಬೈಬಲಿನ ಪ್ರಸಿದ್ಧ ಅರಸ. ಆ ‘ಲೆ’ ಎಂಬ ಚಿಕ್ಕ ಅಕ್ಷರ ‘ದಾವೀದನ’ ಎಂದೂ ಆಗಬಹುದು, ‘ದಾವೀದನಿಗೆ’ ಎಂದೂ ಆಗಬಹುದು. ಉಳಿದವುಗಳಲ್ಲಿ ಆಸಾಫನ, ಕೋರಹನ ಮಕ್ಕಳ ಹೆಸರುಗಳಿವೆ. ಇವರು ಯೆರೂಸಲೇಮಿನ ದೇವಾಲಯದ ಗಾಯಕರ ಮನೆತನಗಳು.

ಪ್ರಾಸದ ಮಾತೂ ಬೇರೆ. ಎರಡನೆಯ ಅಕ್ಷರ ಹೊಂದದಿದ್ದರೆ ನಮ್ಮ ಹಳೆಯ ಕವಿಗಳಿಗೆ ಸಮಾಧಾನವಿರಲಿಲ್ಲ. ಹೀಬ್ರೂ ಕವಿಗಳು ಅಕ್ಷರದ ಬದಲು ಅರ್ಥವನ್ನು ಜೋಡಿಮಾಡಿದರು. ‘ಆಕಾಶ ದೇವರ ಮಹಿಮೆಯನ್ನು ಹೇಳುತ್ತಿದೆ, ಗಗನ ಆತನ ಕೈಕೆಲಸವನ್ನು ಸಾರುತ್ತಿದೆ’ ಎಂಬುದು 19ನೆಯ ಕೀರ್ತನೆಯ ಮೊದಲ ಜೋಡಿ. ಮೊದಲ ಅರ್ಧ ಎಸೆದ ಮಾತನ್ನು ಎರಡನೆಯ ಅರ್ಧ ಹಿಡಿದು ಇನ್ನೊಂದು ಬಣ್ಣದಲ್ಲಿ ತಿರುಗಿ ಕೊಡುತ್ತದೆ. ‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಎನ್ನುವಾಗ ನಮ್ಮ ನಾಲಿಗೆಯೂ ಇದೇ ನಡೆ ನಡೆಯುತ್ತದೆ. ಆಕ್ಸ್‌ಫರ್ಡಿನ ರಾಬರ್ಟ್ ಲೌತ್ 1753ರಲ್ಲಿ ಪ್ರಕಟಿಸಿದ ಉಪನ್ಯಾಸಗಳಲ್ಲಿ ಈ ಜೋಡಿನಡೆಯನ್ನು ಗುರುತಿಸಿ ವಿವರಿಸಿದರು.

ಇನ್ನು ರಾಗ. ಕ್ರಿ.ಶ. 70ರಲ್ಲಿ ರೋಮನ್ನರು ಯೆರೂಸಲೇಮಿನ ದೇವಾಲಯವನ್ನು ಕೆಡವಿದಾಗ ಅಲ್ಲಿ ಹಾಡುತ್ತಿದ್ದ ಲೇವಿಯರ, ಎಂದರೆ ದೇವಾಲಯದ ಸೇವೆಯ ಕುಲದವರ, ಮೇಳವೂ ಮುಗಿಯಿತು. ಆ ದುಃಖದ ಗುರುತಾಗಿ ಯಹೂದಿಗಳು ಸಭಾಮಂದಿರದ ಪ್ರಾರ್ಥನೆಯಲ್ಲಿ ವಾದ್ಯವನ್ನೇ ಬಿಟ್ಟರು. ಮುಂದೆ ಗಲಿಲಾಯ ಸೀಮೆಯ ತಿಬೇರಿಯ ಊರಿನ ಯಹೂದಿ ಪಂಡಿತರು ಅಕ್ಷರಗಳ ಮೇಲೆ, ಕೆಳಗೆ ಸ್ವರಚಿಹ್ನೆಗಳನ್ನು ಹಾಕಿ ಓದುವ ಕ್ರಮವನ್ನು ಕಾಪಾಡಿದರು. ಕೀರ್ತನೆ, ಜ್ಞಾನೋಕ್ತಿ, ಯೋಬ ಈ ಮೂರು ಗ್ರಂಥಗಳಿಗೆ ಬೇರೆಯದೇ ಚಿಹ್ನೆಗಳ ಕ್ರಮವಿದೆ. ಆದರೆ ದೇವಾಲಯದ ಮೂಲ ಧಾಟಿ ಮರಳಿ ಬರಲಿಲ್ಲ. ಯೆಮೆನಿನ ಯಹೂದಿಗಳು ಒಂದು ಬಗೆಯಲ್ಲಿ ಹಾಡುತ್ತಾರೆ, ಬಾಗ್ದಾದಿನವರು ಇನ್ನೊಂದು ಬಗೆಯಲ್ಲಿ. ದಾಸರ ಪದಗಳ ಗತಿಯೂ ಇದೇ ಅಲ್ಲವೇ? ಎಷ್ಟೋ ಪದಗಳ ಹಳೆಯ ಮಟ್ಟು ಹೋಗಿದೆ, ಪ್ರತಿ ತಲೆಮಾರೂ ತನ್ನ ರಾಗ ಹಾಕಿಕೊಂಡು ಹಾಡಿದೆ. ಅಕ್ಷರಪ್ರಾಸವಾಗಿದ್ದರೆ ಭಾಷೆ ಬದಲಾದಾಗ ಉದುರಿಹೋಗುತ್ತಿತ್ತು. ಅರ್ಥದ ಜೋಡಿ ಉದುರಲಿಲ್ಲ, ಮಾನ್ವಿಯ ಓಣಿಯವರೆಗೂ ನಡೆದು ಬಂತು. ನೀವು ಕೇಳಿಸಿಕೊಂಡ ಇಪ್ಪತ್ತಮೂರನೆಯದು ಹೀಬ್ರೂವಿನಲ್ಲಿ ನಾಲ್ಕು ಪದಗಳಿಂದ ಶುರುವಾಗುತ್ತದೆ: ದೇವರು, ನನ್ನ ಕುರುಬ, ಇಲ್ಲ, ಕೊರತೆ. ಕಂಬಳಿ ಹೊದ್ದು ಕುರಿ ಕಾಯುವವರನ್ನು ದಿನವೂ ಕಾಣುವ ನಮ್ಮ ಸೀಮೆಗೆ ಇದಕ್ಕೆ ಟೀಕೆ ಬೇಡ.

ನಾನು ಗಾಯನವೃಂದದಲ್ಲಿ ಹಾಡುತ್ತೇನೆ. ಕೀರ್ತನೆಗಳ ನಡುವೆ ‘ಸೆಲಾ’ ಎಂಬ ಪದ ಬರುತ್ತದೆ. ಕೆಲವರು ಅದನ್ನೂ ಓದುತ್ತಾರೆ, ಕೆಲವರು ಬಿಡುತ್ತಾರೆ. ಯಾವುದು ಸರಿ, ಮೇಡಂ?
— ವಿದ್ಯಾರ್ಥಿನಿ, ಸಿರುಗುಪ್ಪ

ಬಿಡು, ಮಗಳೇ. ಆದರೆ ಸುಮ್ಮನೆ ದಾಟಿ ಹೋಗಬೇಡ, ಅಲ್ಲಿ ನಿಲ್ಲು. ಕೀರ್ತನೆಗಳಲ್ಲಿ ಈ ಪದ 71 ಸಲ ಬರುತ್ತದೆ, ಬೈಬಲಿನ ಪ್ರವಾದಿ ಹಬಕ್ಕೂಕನ ಗ್ರಂಥದ ಹಾಡಿನಲ್ಲಿ 3 ಸಲ. ಅದರ ಖಚಿತ ಅರ್ಥದ ಬಗ್ಗೆ ಪಂಡಿತರು ಇನ್ನೂ ಒಮ್ಮತಕ್ಕೆ ಬಂದಿಲ್ಲ. ಕ್ರಿಸ್ತಪೂರ್ವದಲ್ಲೇ ಗ್ರೀಕಿಗೆ ಅನುವಾದ ಮಾಡಿದವರು ‘ದಿಯಾಪ್ಸಲ್ಮಾ’ ಎಂದು ಬರೆದರು. ಹಾಡಿನ ನಡುವೆ ವಾದ್ಯ ನುಡಿಸುವ ಬಿಡುವು ಎಂದು ಅದನ್ನು ತಿಳಿಯುತ್ತಾರೆ. ಹಾಡುವವರಿಗೆ ಹೇಳಿದ ಸೂಚನೆಯೇ ಹೊರತು ದೇವರಿಗೆ ಹೇಳಿದ ಮಾತಲ್ಲ ಎಂಬುದೇ ನನ್ನ ನಿಲುವು. ‘ಪಲ್ಲವಿ’ ಎಂಬ ಪದವನ್ನು ಯಾರಾದರೂ ರಾಗ ಹಾಕಿ ಹಾಡುತ್ತಾರೆಯೇ? ನಮ್ಮ ವೃಂದದಲ್ಲಿ ‘ಸೆಲಾ’ ಬಂದಲ್ಲಿ ಒಂದು ಆವರ್ತ ಹಾರ್ಮೋನಿಯಂ ಮಾತ್ರ ನುಡಿಯುತ್ತದೆ, ತಬಲಾ ಕೂಡ ಸುಮ್ಮನಿರುತ್ತದೆ. 46ನೆಯ ಕೀರ್ತನೆಯಲ್ಲಿ ಸಮುದ್ರ ಭೋರ್ಗರೆದು ಬೆಟ್ಟಗಳು ನಡುಗಿದ ಮೇಲೆ ಈ ಪದ ಬರುತ್ತದೆ. ಅದರ ಬೆನ್ನಿಗೆ ದೇವರ ಪಟ್ಟಣವನ್ನು ಸಂತೋಷಪಡಿಸುವ ನದಿಯ ಮಾತು. ಆ ಗದ್ದಲದಿಂದ ಈ ನದಿಗೆ ಬರಲು ಹಾಡುವವರಿಗೂ ಉಸಿರು ಬೇಕು, ಕೇಳುವವರಿಗೂ ಬೇಕು. ಮುಂದಿನ ಭಾನುವಾರ ಮಾಡಿ ನೋಡಿ, ನನಗೆ ಬರೆ.

ಬೈಬಲಿನ ಕೀರ್ತನೆಗಳಲ್ಲಿ ‘ಕಿನ್ನರಿ’ ಎಂಬ ವಾದ್ಯ ಬರುತ್ತದೆ. ಶರಣ ಕಿನ್ನರಿ ಬೊಮ್ಮಯ್ಯನವರು ನುಡಿಸಿದ್ದು ಇದೇನಾ?
— ಓದುಗರು, ಗಂಗಾವತಿ

ಅಲ್ಲ. ಹೀಬ್ರೂ ಪದ ‘ಕಿನ್ನೋರ್’. ಎರಡು ತೋಳುಗಳ ಚೌಕಟ್ಟಿಗೆ ಅಡ್ಡಪಟ್ಟಿ ಕೂರಿಸಿ, ಅಲ್ಲಿಂದ ಕೆಳಗಿನ ಪೆಟ್ಟಿಗೆಗೆ ತಂತಿ ಎಳೆದು ಕಟ್ಟಿದ, ತೋಳಿನಲ್ಲಿ ಹಿಡಿದು ನುಡಿಸುವ ವಾದ್ಯ. ನಮ್ಮ ಕಿನ್ನರಿಗೆ ಉದ್ದನೆಯ ದಂಡ, ಅದರ ಮೇಲೆ ಮೆಟ್ಟುಗಳು, ಕೆಳಗೆ ಸೋರೆಬುರುಡೆ. ಹೆಸರಿನ ಸಾಮ್ಯ ಕಂಡು ನೆಂಟಸ್ತಿಕೆ ಹೂಡಬಾರದು. ಮಿಷನರಿ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಕಲಿತು ವಿಲಿಯಂ ರೀವ್ ಮೊದಲಾದವರೊಂದಿಗೆ ಬೈಬಲಿನ ಅನುವಾದಕ್ಕೆ ಕೈಹಾಕಿದರು, 1831ರ ಹೊತ್ತಿಗೆ ಇಡೀ ಬೈಬಲು ಕನ್ನಡದಲ್ಲಿ ಬಂತು. ಕನ್ನಡಕ್ಕೆ ತರುವವರಿಗೆ ಕಿನ್ನೋರ್ ಎದುರಾದಾಗ ಕಿನ್ನರಿ ನೆನಪಾದದ್ದು ಸಹಜ, ಸುಂದರ ಕೂಡ.

‘ಬಾಬಿಲೋನಿನ ನದಿಗಳ ಬಳಿ’ ಎಂಬ ಕೀರ್ತನೆಯನ್ನು ಆರಾಧನೆಯಲ್ಲಿ ಕೇಳಿ ಅತ್ತುಬಿಟ್ಟೆ. ನಮ್ಮ ಅಜ್ಜಿಯ ತವರು ತುಂಗಭದ್ರಾ ಜಲಾಶಯದಲ್ಲಿ ಮುಳುಗಿದ ಊರು. ಮನೆಗೆ ಬಂದು ಪೂರ್ತಿ ಓದಿದರೆ ಕೊನೆಯ ಸಾಲು ಭಯಂಕರವಾಗಿದೆ. ದೇವರ ಮುಂದೆ ಅಂಥ ಮಾತನ್ನು ಹಾಡಬಹುದೇ?
— ಓದುಗರು, ಕೊಪ್ಪಳ

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕ್ರಿ.ಪೂ. 586ರಲ್ಲಿ ಬಾಬಿಲೋನಿನವರು ಯೆರೂಸಲೇಮನ್ನು ಸುಟ್ಟು ಜನರನ್ನು ಸೆರೆ ಒಯ್ದರು. ಆ 137ನೆಯ ಕೀರ್ತನೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಒಂದು ಚಿಕ್ಕ ವಿವರ: ಸೆರೆಹೋದವರು ತಮ್ಮ ಕಿನ್ನೋರ್‌ಗಳನ್ನು ಮುರಿಯಲಿಲ್ಲ, ನೀರವಂಜಿ ಮರಕ್ಕೆ ತೂಗುಹಾಕಿದರು. ಮುರಿಯುವ ಮನಸ್ಸು ಬರಲಿಲ್ಲ, ನುಡಿಸುವ ಮನಸ್ಸೂ ಬರಲಿಲ್ಲ. ಸೆರೆ ಹಿಡಿದವರು ‘ನಿಮ್ಮ ಊರಿನ ಹಾಡು ಹಾಡಿ, ಕೇಳೋಣ’ ಎಂದು ವಿನೋದಕ್ಕೆ ಕೇಳುತ್ತಾರೆ. ಅದಕ್ಕೆ ಉತ್ತರ: ಪರದೇಶದಲ್ಲಿ ಹೇಗೆ ಹಾಡುವುದು? ಆ ಮಾತೇ ಹಾಡಾಯಿತು.

ಕೊನೆಯ ಸಾಲು ಶತ್ರುವಿನ ಕೂಸುಗಳನ್ನು ಬಂಡೆಗೆ ಅಪ್ಪಳಿಸುವವನನ್ನು ಧನ್ಯನೆನ್ನುತ್ತದೆ. ಅದನ್ನು ನಾನು ಎಂದೂ ಹಾಡಿಲ್ಲ, ಹಾಡಿಸಿಲ್ಲ. ಕಥೋಲಿಕ ಧರ್ಮಾಧ್ಯಕ್ಷರು 1962ರಿಂದ 1965ರವರೆಗೆ ನಡೆಸಿದ ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ ಕಥೋಲಿಕರ ನಿತ್ಯಪ್ರಾರ್ಥನೆಯ ಪುಸ್ತಕವನ್ನು ಪರಿಷ್ಕರಿಸಿದಾಗ 58, 83, 109ನೆಯ ಕೀರ್ತನೆಗಳನ್ನೇ ಕೈಬಿಟ್ಟರು, ಇದರ ಕೊನೆಯ ಸಾಲುಗಳನ್ನೂ ಬಿಟ್ಟರು. ಹಾಡದೆ ಬಿಡಬಹುದು, ಆದರೆ ಗ್ರಂಥದಿಂದ ಹರಿದು ಹಾಕಬಾರದು ಎಂದು ನನ್ನ ಮನಸ್ಸು ಹೇಳುತ್ತದೆ. ಕಣ್ಣೆದುರು ಮಕ್ಕಳನ್ನು ಕಳೆದುಕೊಂಡವರು ಒಳಗಿನ ವಿಷವನ್ನು ದೇವರ ಮುಂದೆ ಕಾರಿದ್ದಾರೆ. ನಿಮ್ಮ ಅಜ್ಜಿ ನೀರು ಇಳಿದ ಬೇಸಿಗೆಯಲ್ಲಿ ತವರಿನ ಕಡೆ ನೋಡುತ್ತಾ ಏನಾದರೂ ಅಂದಿದ್ದರೆ, ಅದೆಲ್ಲವೂ ಸಿಹಿ ಮಾತೇ ಆಗಿತ್ತೇ? ಅದನ್ನೂ ಬರೆದಿಡಿ.

ಪ್ರತಿ ವರ್ಷ ಮಂತ್ರಾಲಯಕ್ಕೆ ಪದ ಹಾಡುತ್ತಾ ನಡೆದು ಹೋಗುತ್ತೇವೆ. ಅವರಲ್ಲೂ ನಡಿಗೆಯ ಹಾಡುಗಳಿವೆಯೇ?
— ಒಕ್ಕಲು ಮನೆತನದ ಓದುಗರು, ದೇವದುರ್ಗ

ಇವೆ. 120ರಿಂದ 134ರವರೆಗಿನ ಹದಿನೈದು ಕೀರ್ತನೆಗಳ ಮೇಲೆ ‘ಶೀರ್ ಹಮ್ಮಅಲೋತ್’ ಎಂದಿದೆ, ಏರುವಿಕೆಯ ಹಾಡು ಎಂದು ಅರ್ಥ. ವರ್ಷಕ್ಕೆ ಮೂರು ಹಬ್ಬಗಳಿಗೆ ಬೆಟ್ಟದ ಮೇಲಿನ ಯೆರೂಸಲೇಮಿಗೆ ಏರಿ ಹೋಗುವವರ ಹಾಡುಗಳು ಇವು ಎಂದು ಹಲವರ ಅಭಿಪ್ರಾಯ. ಮಿಷ್ನಾ ಎಂಬ ಯಹೂದಿ ಗ್ರಂಥ ಇನ್ನೊಂದು ಚಿತ್ರ ಕೊಡುತ್ತದೆ: ದೇವಾಲಯದ ಅಂಗಳದಲ್ಲಿ ಹದಿನೈದು ಮೆಟ್ಟಿಲುಗಳು, ಹದಿನೈದು ಹಾಡುಗಳ ಲೆಕ್ಕಕ್ಕೆ ಸರಿಯಾಗಿ. ಅವುಗಳ ಮೇಲೆ ನಿಂತು ಲೇವಿಯರು ಹಾಡುತ್ತಿದ್ದರು. ಆ ಮೆಟ್ಟಿಲುಗಳು ಅರ್ಧ ಕಣದಂತೆ ದುಂಡಗೆ ಬಾಗಿದ್ದವಂತೆ. ರಾಶಿ ಮಾಡುವ ಕಣವನ್ನೇ ಅವರು ಹೋಲಿಕೆಗೆ ತಂದಿದ್ದಾರೆ, ನೀವು ಕಣ್ಣು ಮುಚ್ಚಿ ಗುರುತಿಸಬಹುದು.

ಹೆಚ್ಚಿನವು ಚಿಕ್ಕ ಹಾಡುಗಳು, ನಡೆಯುವವರ ಉಸಿರಿಗೆ ತಕ್ಕಂತೆ ಇವೆ. ನಿಮಗೆಂದು 126ನೆಯದನ್ನು ಆರಿಸುತ್ತೇನೆ, ಆರೇ ವಚನ. ‘ನೆಗೆವಿನ ಹಳ್ಳಗಳಂತೆ ನಮ್ಮನ್ನು ತಿರುಗಿ ತುಂಬಿಸು’ ಎಂದು ಅದರಲ್ಲಿ ಬೇಡುತ್ತಾರೆ. ನೆಗೆವ್ ಅವರ ದಕ್ಷಿಣದ ಒಣ ಸೀಮೆ. ಅಲ್ಲಿನ ಹಳ್ಳ ವರ್ಷವಿಡೀ ಮರಳು, ಮಳೆ ಬಿದ್ದ ದಿನ ದಂಡೆ ಮುಟ್ಟಿ ಹರಿಯುತ್ತದೆ. ಆಮೇಲೆ ಬರುವ ಜೋಡಿಯನ್ನು ನನಗೆ ತಿಳಿದಂತೆ ಹೀಗೆ ಹೇಳುತ್ತೇನೆ: ‘ಅಳುತ್ತಾ ಬೀಜದ ಚೀಲ ಹೊತ್ತು ಹೋದವನು, ಹಾಡುತ್ತಾ ಸಿವುಡು ಹೊತ್ತು ಬರುತ್ತಾನೆ’. ಮೊದಲ ಅರ್ಧವನ್ನು ಮುಂದೆ ನಡೆಯುವವರು ಹೇಳಲಿ, ಎರಡನೆಯದನ್ನು ಹಿಂದಿನವರು ಹಿಡಿಯಲಿ. ಧಾಟಿ ನಿಮ್ಮದೇ ಇರಲಿ.